ಹಿತ್ತಿಲ ವಿಚಾರ: ಮರವನ್ನು ತಿನ್ನದ ಅತಿಥಿ

ವೈಶಾಖವು ಕಳೆದು ಜ್ಯೇಷ್ಠವು ಕಾಲಿಡುವ ಈ ದಿನಗಳಲ್ಲಿ ಮಲೆನಾಡಿನ ಮಾವು ಹಲಸುಗಳ ಕೊಂಬೆಗಳತ್ತ ತಲೆಯೆತ್ತಿ ನೋಡಿದವರಿಗೆ ಕಣ್ಣಿಗೆ ಹಬ್ಬವಾಗುವಂತಹ ನೋಟವೊಂದು ಕಾಣಬರುವುದುಂಟು. ದಪ್ಪನಾದ ಪಟ್ಟಿಗಳಂತಿರುವ ಎಲೆಗಳ ಸಂದಿನಿಂದ ಗೇಣಿಗೂ ಮಿಕ್ಕ ಉದ್ದದ ಹೂದಂಡೆಗಳು ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಬಿಳುಪಿನ ಮೇಲೆ ನಸುಗೆಂಪು, ನೇರಿಳೆ ಬಣ್ಣಗಳ ಚುಕ್ಕೆಗಳನ್ನು ತಳೆದ ಪುಟ್ಟ ಹೂಗಳು ಒತ್ತಾಗಿ ಸೇರಿ, ಯಾರೋ ಕೈಯಾರೆ ಕಟ್ಟಿ ತೂಗುಬಿಟ್ಟಂತೆ ತೋರುತ್ತವೆ. ಇದೇ ಸೀತೆದಂಡೆ, ಕೆಲವು ಸೀಮೆಗಳಲ್ಲಿ ಇದನ್ನು ದ್ರೌಪದಿದಂಡೆಯೆಂದೂ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಹೆಸರಿಟ್ಟು ಆರ್ಕಿಡ್ ಎಂಬ ದೊಡ್ಡ ಕುಟುಂಬದಲ್ಲಿ ಸೇರಿಸಿದ್ದಾರೆ. ನಮ್ಮ ಘಟ್ಟಗಳಲ್ಲಿ ಹೇಗೋ ಹಾಗೆಯೇ ದೂರದ ಅಸ್ಸಾಮಿನಲ್ಲಿಯೂ ಇದು ಜನಪ್ರಿಯವಾದ ಹೂವು. ಅಲ್ಲಿಯ ಸ್ತ್ರೀಯರು ಬಿಹು ಹಬ್ಬದ ನೃತ್ಯದಲ್ಲಿ ಇದನ್ನು ಮುಡಿಯುತ್ತಾರೆ. ಅಸ್ಸಾಮ್ ಮತ್ತು ಅರುಣಾಚಲ ಪ್ರದೇಶಗಳೆರಡೂ ಇದನ್ನೇ ತಮ್ಮ ರಾಜ್ಯಪುಷ್ಪವೆಂದು ಸ್ವೀಕರಿಸಿವೆ.

ಇಷ್ಟು ಮನ್ನಣೆಯುಳ್ಳ ಗಿಡಕ್ಕೆ ನಮ್ಮ ಮನೆಗಳ ಅಂಗಳದಲ್ಲಿ ಮಾತ್ರ ಎರಡು ವಿಧವಾದ ಆಪತ್ತು ಒದಗಿದೆ. ಮೆಚ್ಚದವರು ಮರಕ್ಕೆ ಕೇಡೆಂದು ತಿಳಿದು ಕಿತ್ತು ಬಿಸುಡುತ್ತಾರೆ. ಮೆಚ್ಚಿದವರು ಕಾಡಿನಿಂದ ಕಿತ್ತು ತಂದು ಮಣ್ಣಿನಲ್ಲಿ ನೆಟ್ಟು ಕೊಲ್ಲುತ್ತಾರೆ. ಒಂದು ಅಜ್ಞಾನದಿಂದಾಗುವ ಹಾನಿ, ಇನ್ನೊಂದು ಅಕ್ಕರೆಯಿಂದಾಗುವ ಹಾನಿ. ಈ ಎರಡನ್ನೂ ತಪ್ಪಿಸಿ, ನಮ್ಮ ನಾಡಿನದೇ ಆದ ಈ ಮರಗಿಡಗಳನ್ನು ಹಿತ್ತಿಲಲ್ಲಿ ಬೆಳೆಸುವ ಬಗೆಯನ್ನು ಈ ಸಲ ವಿಚಾರಿಸೋಣ.

ಸಾಗರದ ಕಡೆಯ ಗೃಹಸ್ಥರೊಬ್ಬರ ಕಾಗದವು ಈ ಬರಹಕ್ಕೆ ನಿಮಿತ್ತವಾಗಿದೆ. ಅವರ ಅಂಗಳದಲ್ಲಿ ತಾತಂದಿರ ಕಾಲದ ಮಾವಿನ ಮರವೊಂದಿದೆ. ಎರಡು ವರ್ಷಗಳಿಂದ ಅದರ ಮೇಲಣ ಕೊಂಬೆಗಳು ಒಣಗುತ್ತಿವೆ. ಮರದ ತುಂಬ ಸೀತೆದಂಡೆಯೂ ಇದೆ, ಮತ್ತೊಂದು ಹಸುರು ಪೊದೆಯೂ ಇದೆ. ಮನೆಯ ಹಿರಿಯರು ಎಲ್ಲವೂ ಬಂದಳಿಕೆಯೇ ಎಂದು ನಿರ್ಣಯಿಸಿ ಮರವನ್ನು ಬೋಳಿಸಲು ಆಳನ್ನು ಗೊತ್ತುಮಾಡಿದ್ದಾರೆ. ಮನೆಯ ಸೊಸೆಯಾದರೋ ಸೀತೆದಂಡೆಯನ್ನು ಕೀಳಿಸಬಾರದೆಂದು ಕೇಳಿಕೊಂಡಿದ್ದಾರೆ. ಇಬ್ಬರಲ್ಲಿ ಯಾರ ಮಾತು ಸರಿಯೆಂದು ಪ್ರಶ್ನೆ. ನನ್ನ ಉತ್ತರವಿಷ್ಟು: ಹಿರಿಯರ ಸಂಶಯವು ನ್ಯಾಯವಾದದ್ದು, ಅಪರಾಧಿಯೂ ಆ ಮರದ ಮೇಲೆಯೇ ಇದ್ದಾನೆ, ಆದರೆ ಆ ಅಪರಾಧಿಯು ಸೀತೆದಂಡೆಯಲ್ಲ.

ಈ ಗೊಂದಲವು ಹೊಸದೇನೂ ಅಲ್ಲ. ಅಮರಕೋಶದ ವನೌಷಧಿವರ್ಗವನ್ನು ಓದಿದವರು ಬಲ್ಲರು: ಅಲ್ಲಿ ವಂದಾ, ವೃಕ್ಷಾದನೀ, ವೃಕ್ಷರುಹಾ ಎಂಬ ಮಾತುಗಳು ಒಂದೇ ಸಸ್ಯದ ಪರ್ಯಾಯಗಳಾಗಿ ಬಂದಿವೆ. ಬಾಲಕರಿಗೆ ಆ ವರ್ಗವನ್ನು ಪಾಠ ಹೇಳುವಾಗಲೆಲ್ಲ ನಾನು ಇಲ್ಲಿ ಸ್ವಲ್ಪ ನಿಲ್ಲುತ್ತಿದ್ದೆ. ವೃಕ್ಷಾದನೀ ಎಂದರೆ ಮರವನ್ನು ತಿನ್ನುವುದು. ವೃಕ್ಷರುಹಾ ಎಂದರೆ ಮರದ ಮೇಲೆ ಹುಟ್ಟಿ ಬೆಳೆಯುವುದು. ಮೊದಲನೆಯ ಹೆಸರಿನಲ್ಲಿ ಒಂದು ಆಪಾದನೆಯಿದೆ; ಎರಡನೆಯದು ವಾಸಸ್ಥಾನವನ್ನು ಮಾತ್ರ ತಿಳಿಸುತ್ತದೆ. ಮರವನ್ನು ತಿನ್ನುವ ಬಂದಳಿಕೆಯು ಮರದ ಮೇಲೆಯೇ ಬೆಳೆಯುವುದರಿಂದ ಅದಕ್ಕೆ ಎರಡು ಹೆಸರುಗಳೂ ಸಲ್ಲುತ್ತವೆ. ಆದರೆ ಮರದ ಮೇಲೆ ಬೆಳೆಯುವುದೆಲ್ಲವೂ ಮರವನ್ನು ತಿನ್ನುವುದಿಲ್ಲ. ನೆರೆಮನೆಯ ಜಗುಲಿಯ ಮೇಲೆ ಕುಳಿತವರೆಲ್ಲ ಆ ಮನೆಯ ಅನ್ನವನ್ನೇ ಉಣ್ಣುತ್ತಾರೆಂದು ಹೇಳಬಹುದೇ? ಜಗುಲಿಯ ಆಶ್ರಯವೊಂದನ್ನೇ ಬೇಡುವ ಇಂತಹ ಸಸ್ಯಗಳನ್ನು ಈಗಿನ ಕನ್ನಡದಲ್ಲಿ ಅಪ್ಪುಗಿಡಗಳೆಂದು ಕರೆಯುತ್ತಾರೆ. ಮರವನ್ನು ಅಪ್ಪಿಕೊಂಡಿರುವುದರಿಂದ ಈ ಹೆಸರು ಬಹಳ ಒಪ್ಪುತ್ತದೆ.

ವಂದಾ ಎಂಬ ಸಂಸ್ಕೃತ ಶಬ್ದವು ಲೋಕವನ್ನೆಲ್ಲ ಸುತ್ತಿ ಬಂದಿರುವುದನ್ನೂ ಪ್ರಾಸಂಗಿಕವಾಗಿ ಹೇಳಬೇಕು. 1784ರಲ್ಲಿ ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸರು ಸಂಸ್ಕೃತ ಪಂಡಿತರಾಗಿದ್ದಂತೆಯೇ ಸಸ್ಯಾಸಕ್ತರೂ ಆಗಿದ್ದರು. ಮರದ ಮೇಲೆ ಬೆಳೆಯುವ ಆರ್ಕಿಡ್ ಒಂದಕ್ಕೆ ಅವರು ಈ ಶಬ್ದವನ್ನೇ ಉಪಯೋಗಿಸಿದರು. 1820ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರ ಮೂಲಕ ಅದು ವಾಂಡ ಎಂದು ಒಂದು ಇಡೀ ಪಂಗಡದ ಶಾಸ್ತ್ರೀಯ ನಾಮವಾಗಿ ನೆಲೆಗೊಂಡಿತು. ಈ ಪರಿಯಾಗಿ ಪರಾವಲಂಬಿಯ ಹೆಸರು ನಿರಪರಾಧಿಗೆ ಅಂಟಿಕೊಂಡಿತಾದರೂ, ಇಂದು ಜಗತ್ತಿನ ಹೂದೋಟಗಳಲ್ಲೆಲ್ಲ ಆ ಸಂಸ್ಕೃತದ ಮಾತು ಕೇಳಿಬರುತ್ತಿದೆ.

ಇನ್ನು ಅಂಗಳದಲ್ಲಿ ನಿಂತು ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ಬುಡವನ್ನು ನೋಡತಕ್ಕದ್ದು. ಬಂದಳಿಕೆಯು ಕೊಂಬೆಯೊಡನೆ ಸೇರುವ ಎಡೆಯಲ್ಲಿ ಕೊಂಬೆಯು ಗಂಟಿನಂತೆ ಊದಿಕೊಂಡಿರುತ್ತದೆ. ಅದು ತೊಗಟೆಯನ್ನು ಭೇದಿಸಿ ಒಳಗಿನ ಮರದವರೆಗೆ ಇಳಿದು, ಮರವು ನೆಲದಿಂದ ಮೇಲಕ್ಕೆ ಸಾಗಿಸುವ ನೀರನ್ನೂ ಲವಣಗಳನ್ನೂ ಕಸಿದುಕೊಳ್ಳುತ್ತದೆ. ಹಸುರೆಲೆಗಳಿರುವುದರಿಂದ ಅಡುಗೆಯನ್ನು ತಾನೇ ಮಾಡಿಕೊಂಡರೂ ನೀರು ಮಾತ್ರ ಕಳವಿನದು. ಆದುದರಿಂದಲೇ ಗಂಟಿನಿಂದ ಆಚೆಗಿರುವ ಕೊಂಬೆಯ ಭಾಗವು ಸೊರಗಿ ಒಣಗುತ್ತದೆ. ಸೀತೆದಂಡೆಯ ಬುಡದಲ್ಲಾದರೆ ಕಡ್ಡಿಯ ಗಾತ್ರದ ಬಿಳಿಯ ಬೇರುಗಳು ತೊಗಟೆಯ ಮೇಲೆಯೇ ಹರಿದಾಡಿರುವುದು ಕಣ್ಣಿಗೆ ಕಾಣುತ್ತದೆ. ಕೊಂಬೆ ಊದಿರುವುದಿಲ್ಲ, ತೊಗಟೆ ಸೀಳಿರುವುದಿಲ್ಲ. ಬೇರೊಂದನ್ನು ಮೆಲ್ಲಗೆ ಬಿಡಿಸಿದರೆ ಕೆಳಗಿನ ತೊಗಟೆ ಮುಕ್ಕಾಗದೆ ಇರುತ್ತದೆ.

ಬಂದಳಿಕೆಯ ಅಂಟಾದ ಬೀಜವನ್ನು ಅದರ ಹಣ್ಣು ತಿನ್ನುವ ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒಯ್ದು ಅಂಟಿಸುತ್ತವೆ. ಆದ ಕಾರಣ ಹಣ್ಣಾಗುವುದಕ್ಕೆ ಮುಂಚೆಯೇ ಅದನ್ನು ತೆಗೆಸಬೇಕು. ಬರಿಯ ಎಲೆಗಳನ್ನು ಸವರಿದರೆ ಮತ್ತೆ ಚಿಗುರುವುದು; ಗಂಟಿಗಿಂತ ಕೆಳಗೆ, ಮರದ ಕಡೆಗೆ ಒಂದೆರಡು ಗೇಣು ಬಿಟ್ಟು, ಕೊಂಬೆಯನ್ನೇ ಗರಗಸದಿಂದ ಕೊಯ್ಯುವುದು ಉತ್ತಮ. ಸಾಗರದ ಗೃಹಸ್ಥರು ಆಳನ್ನು ಬೇಡವೆನ್ನಬೇಕಾಗಿಲ್ಲ. ಅವನಿಗೆ ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮರದ ಕೆಳಗೆ ನಿಂತು ತೋರಿಸಿಕೊಟ್ಟರೆ ಸಾಕು. ಒಣಕೊಂಬೆಯ ಮೇಲೆ ಸೀತೆದಂಡೆಯ ದೊಡ್ಡ ಹಿಂಡಿಲಿದ್ದರೆ ಅದರ ಭಾರಕ್ಕೆ ಕೊಂಬೆ ಮುರಿದು ಬೀಳುವ ಸಂಭವವುಂಟು. ಅಂತಹುದನ್ನು ಕೊಂಬೆಯ ತುಂಡಿನೊಡನೆಯೇ ಇಳಿಸಿ, ಗಟ್ಟಿಯಾದ ಬೇರೊಂದು ಕೊಂಬೆಗೆ ಕಟ್ಟಿಸಬಹುದು.

ಹಾಗಾದರೆ ನೆಲದ ಸಂಬಂಧವೂ ಇಲ್ಲದೆ, ಮರದ ರಸವನ್ನೂ ಹೀರದೆ ಈ ಗಿಡವು ಬದುಕುವುದಾದರೂ ಹೇಗೆ? ಅದರ ಬೇರಿನ ಮೇಲಣ ಬಿಳಿಯ ಪದರವು ನಿರ್ಜೀವವಾದ ಕೋಶಗಳಿಂದಾದದ್ದು. ಮಳೆಹನಿಯಾಗಲಿ ಇಬ್ಬನಿಯಾಗಲಿ ಸೋಕಿದೊಡನೆ ಅದು ಸ್ಪಂಜಿನಂತೆ ನೀರನ್ನು ಹೀರಿಕೊಂಡು ಒಳಗಿನ ಜೀವಂತ ಭಾಗಕ್ಕೆ ಒಪ್ಪಿಸುತ್ತದೆ. ಒದ್ದೆಯಾದ ಬೇರು ಹಸುರಾಗಿಯೂ ಒಣಗಿದ ಬೇರು ಬೆಳ್ಳಗೂ ಕಾಣುವುದಕ್ಕೆ ಇದೇ ಕಾರಣ. ಗಾಳಿಯ ಧೂಳು, ತೊಗಟೆಯ ಸಂದಿನಲ್ಲಿ ಕೊಳೆತ ತರಗೆಲೆ, ಹಕ್ಕಿಯ ಹಿಕ್ಕೆ, ಇವುಗಳ ಸಾರವನ್ನು ಹೊತ್ತು ಕೊಂಬೆಯ ಮೇಲೆ ಹರಿದುಬರುವ ಮಳೆನೀರೇ ಅದರ ಆಹಾರ. ಇಂತಹ ದಪ್ಪ ಎಲೆಯ ಮರಗಿಡಗಳಲ್ಲಿ ಅನೇಕವು ನೀರನ್ನು ಉಳಿಸಿಕೊಳ್ಳುವುದಕ್ಕಾಗಿ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಒಳಕ್ಕೆಳೆದುಕೊಂಡ ಅಂಗಾರಾಮ್ಲವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಅದರಿಂದ ಆಹಾರವನ್ನು ಸಿದ್ಧಮಾಡಿಕೊಳ್ಳುತ್ತವೆ. ಮಿತವ್ಯಯವನ್ನು ಕಲಿಯಬೇಕೆನ್ನುವ ಗೃಹಸ್ಥರಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯನು ಸಿಕ್ಕಲಾರನು.

ಆದರೆ ಸಂತಾನದ ವಿಷಯದಲ್ಲಿ ಈ ಕುಟುಂಬದ ಗಿಡಗಳು ಬಹಳ ಕಷ್ಟದಲ್ಲಿವೆ. ಆರ್ಕಿಡ್ಡಿನ ಒಂದೊಂದು ಕಾಯಿಯಲ್ಲಿಯೂ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಅವು ಹಿಟ್ಟಿನ ಧೂಳಿನಷ್ಟು ಸಣ್ಣವು. ತೆಂಗಿನಕಾಯಿಯಲ್ಲಿ ತಿರುಳಿರುವಂತೆ, ಭತ್ತದಲ್ಲಿ ಅಕ್ಕಿಯಿರುವಂತೆ ತಾಯಿಯು ಮಗುವಿಗೆ ಕಟ್ಟಿಕೊಟ್ಟ ಬುತ್ತಿಯು ಈ ಬೀಜದಲ್ಲಿ ಇಲ್ಲವೇ ಇಲ್ಲ. ಗಾಳಿಯಲ್ಲಿ ತೇಲಿ ಬಂದ ಬೀಜವು ತಕ್ಕುದಾದ ಸೂಕ್ಷ್ಮ ಬೂಷ್ಟಿನ ನೆರವು ದೊರೆತಲ್ಲಿ ಮಾತ್ರ ಮೊಳೆಯುತ್ತದೆ. ಈ ಗುಟ್ಟನ್ನು 1899ರಲ್ಲಿ ಫ್ರಾನ್ಸ್ ದೇಶದ ನೋಯೆಲ್ ಬರ್ನಾರ್ ಎಂಬವರು ಕಂಡುಹಿಡಿದರು. ಬೂಷ್ಟಿನ ನೆರವಿಲ್ಲದೆ, ಸಕ್ಕರೆ ಬೆರೆಸಿದ ಪಾಕದ ಮೇಲೆ ಗಾಜಿನ ಪಾತ್ರೆಯಲ್ಲಿ ಬೀಜಗಳನ್ನು ಮೊಳೆಯಿಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ ಎಂಬವರು 1922ರಲ್ಲಿ ತೋರಿಸಿಕೊಟ್ಟರು. ಈಗ ಸಸ್ಯಾಗಾರಗಳಲ್ಲಿ ದೊರೆಯುವ ಆರ್ಕಿಡ್ಡುಗಳು ಬಹುಮಟ್ಟಿಗೆ ಈ ವಿಧವಾದ ಪ್ರಯೋಗಶಾಲೆಯ ಕೂಸುಗಳೇ. ಕಾಡಿನಲ್ಲಾದರೋ ಲಕ್ಷ ಬೀಜಗಳಲ್ಲಿ ಎಲ್ಲಿಯೋ ಒಂದೆರಡು ಮೊಳೆತು, ಹಲವು ವರ್ಷ ಬೆಳೆದು, ಆಮೇಲೆ ಹೂ ಬಿಡಬೇಕು. ಘಟ್ಟದ ಮರದಿಂದ ಒಂದು ಹಿಂಡಿಲನ್ನು ಕಿತ್ತವನು ಒಂದು ಗಿಡವನ್ನು ತಂದೆನೆಂದು ತಿಳಿದಿರುತ್ತಾನೆ. ವಾಸ್ತವವಾಗಿ ಅವನು ತಂದಿರುವುದು ಎಷ್ಟೋ ಮಳೆಗಾಲಗಳ ಫಲವನ್ನು.

ಇದಕ್ಕೆ ದೂರದೇಶದ ನಿದರ್ಶನವೊಂದನ್ನು ಕೊಡುತ್ತೇನೆ. ನಮ್ಮಲ್ಲಿ ಈಗ ಸರ್ವಪರಿಚಿತವಾಗಿರುವ ಅನಾನಸು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದದ್ದು. ಬ್ರೊಮೆಲಿಯಾಡ್ ಎಂಬ ಅದರ ಕುಟುಂಬದ ಬಂಧುಗಳಲ್ಲಿ ಬಹಳ ಮಂದಿ ಅಲ್ಲಿಯ ಮರಗಳನ್ನಪ್ಪಿ ಬಾಳುವವರು. ನಮ್ಮಲ್ಲಿ ಸೀತೆದಂಡೆಗೆ ಯಾವ ಸ್ಥಾನವೋ ಅಲ್ಲಿ ಅವುಗಳಿಗೆ ಅದೇ ಸ್ಥಾನ. ಅಮೆರಿಕದ ಫ್ಲಾರಿಡ ಸಂಸ್ಥಾನದಲ್ಲಿ ಇಂತಹ ಸ್ಥಳೀಯ ಜಾತಿಗಳು 16 ಇವೆ. ಅಲಂಕಾರಕ್ಕೆಂದು ಮೆಕ್ಸಿಕೋ ದೇಶದಿಂದ ತರಿಸಿದ ಗಿಡಗಳೊಡನೆ ಮೂತಿಹುಳುವೊಂದು ಅಲ್ಲಿಗೆ ಬಂದು ಸೇರಿತು. 1989ರಲ್ಲಿ ಅದು ಮೊದಲು ಕಣ್ಣಿಗೆ ಬಿತ್ತು. ಅದರ ಮರಿಯು ಗಿಡದ ತಿರುಳನ್ನು ಕೊರೆದು ತಿಂದುಬಿಡುತ್ತದೆ. ತಿಲ್ಲಾಂಡ್ಸಿಯಾ ಯುಟ್ರಿಕ್ಯುಲೇಟ ಎಂಬ ಅಲ್ಲಿಯ ದೊಡ್ಡ ಮರಗಿಡವು ಅನೇಕ ವರ್ಷ ಬೆಳೆದು, ಜೀವಮಾನದಲ್ಲಿ ಒಂದೇ ಒಂದು ಬಾರಿ ಹೂ ಬಿಟ್ಟು ಬೀಜ ಚೆಲ್ಲಿ ಸಾಯುವಂತಹುದು. ಬೀಜ ಚೆಲ್ಲುವ ಮುನ್ನವೇ ಹುಳಕ್ಕೆ ಈಡಾಗಿ, ಒಂದು ಕಾಲದಲ್ಲಿ ಎಲ್ಲೆಲ್ಲಿಯೂ ಕಾಣುತ್ತಿದ್ದ ಆ ಗಿಡವು ಈಗ ಆ ಸಂಸ್ಥಾನದ ಅಪಾಯಗ್ರಸ್ತ ಸಸ್ಯಗಳ ಪಟ್ಟಿಯನ್ನು ಸೇರಿದೆ. ಪರದೇಶದ ಚೆಲುವೆಯನ್ನು ತರುವ ಸಂಭ್ರಮದಲ್ಲಿ ಮನೆಯ ಮಗಳಿಗೆ ಕೇಡಾದ ಕಥೆಯಿದು. ನಮ್ಮ ಪೇಟೆಗಳಲ್ಲಿಯೂ ಈಗ ಈ ಕುಟುಂಬದ ಗಿಡಗಳನ್ನು ಮಾರುತ್ತಾರೆ. ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ಹೊಸದಾಗಿ ತಂದ ಯಾವ ಗಿಡವನ್ನೇ ಆಗಲಿ ಒಂದು ತಿಂಗಳ ಕಾಲ ಬೇರೆಯಾಗಿಟ್ಟು, ಹುಳು ಹುಪ್ಪಟೆಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಿತ್ತಿಲಿಗೆ ಸೇರಿಸಬೇಕು.

ಗಿಡವನ್ನು ಸಂಪಾದಿಸುವ ಧರ್ಮಮಾರ್ಗಗಳು ಮೂರು. ಮಳೆಗಾಳಿಗೆ ಮುರಿದು ಬಿದ್ದ ಕೊಂಬೆಗಳಲ್ಲಿ ಇವು ಹೇರಳವಾಗಿ ಸಿಕ್ಕುತ್ತವೆ. ನೆಲದ ಮೇಲೆ ಬಿಟ್ಟರೆ ಕೊಳೆತುಹೋಗುವ ಇಂತಹುಗಳನ್ನು ತಮ್ಮ ತೋಟದಲ್ಲಿಯೋ ಒಪ್ಪಿದವರ ತೋಟದಲ್ಲಿಯೋ ಎತ್ತಿಕೊಳ್ಳುವುದು ಮೊದಲನೆಯದು. ಮನೆ ಕಟ್ಟುವುದಕ್ಕಾಗಿ ಕಡಿದುರುಳಿಸಿದ ಸ್ವಂತ ಮರಗಳಿಂದ, ಒಡೆಯರ ಅಪ್ಪಣೆಯನ್ನು ಪಡೆದು ಬಿಡಿಸಿಕೊಳ್ಳುವುದು ಎರಡನೆಯದು. ಬೀಜದಿಂದಲೋ ಅಂಗಾಂಶದಿಂದಲೋ ಬೆಳೆಸಿದವರಿಂದ ಕೊಳ್ಳುವುದು ಮೂರನೆಯದು. ಸಂತೆಯಲ್ಲಿ, ಘಟ್ಟದ ರಸ್ತೆಯ ಅಂಚಿನಲ್ಲಿ ಗೋಣಿಚೀಲದಲ್ಲಿಟ್ಟು ಮಾರುವವರಿಂದ ಕೊಳ್ಳಲೇಬಾರದು. ಅದು ಕಾಡನ್ನು ಸುಲಿದದ್ದು. ಕಾದಿಟ್ಟ ಅರಣ್ಯದಿಂದ ಗಿಡಗಳನ್ನು ಕಿತ್ತು ತರುವುದು ಕಾನೂನಿಗೂ ವಿರುದ್ಧವಾದ ಕಾರ್ಯ. 1975ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವೊಂದು ಆರ್ಕಿಡ್ ಕುಟುಂಬವನ್ನೆಲ್ಲ ತನ್ನ ಪಟ್ಟಿಗಳಲ್ಲಿ ಸೇರಿಸಿ ದೇಶದೇಶಗಳ ನಡುವಣ ವ್ಯಾಪಾರಕ್ಕೆ ಕಟ್ಟುಪಾಡನ್ನು ವಿಧಿಸಿದೆ.

ಇನ್ನು ಕಟ್ಟುವ ಕ್ರಮ. ಮುಂಗಾರಿನ ಮೊದಲ ಮಳೆಗಳು ಬಿದ್ದು, ಬೇರಿನ ತುದಿಗಳು ಎಳೆಯ ಹಸುರಾಗಿ ಮೂಡತೊಡಗಿದಾಗ ಕಟ್ಟುವುದು ಪ್ರಶಸ್ತ. ಮಾವು, ಹಲಸು ಮೊದಲಾದ ಒರಟು ತೊಗಟೆಯ ಮರಗಳು ಯೋಗ್ಯವಾದವು. ಸೀಬೆ, ನೀಲಗಿರಿಗಳಂತೆ ತೊಗಟೆಯನ್ನು ಕಳಚುವ ಮರಗಳು ಬೇಡ. ಗಿಡವು ತೊಗಟೆಯೊಡನೆ ಕೆಳಕ್ಕೆ ಬೀಳುವುದು. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನದಲ್ಲಿ ಎಲೆನೆರಳಿರುವಂತಹ ಮೂಡಲ ಮಗ್ಗುಲನ್ನು ಆರಿಸಬೇಕು. ಒಣಗಿದ, ಕೊಳೆತ ಬೇರುಗಳನ್ನು ಕತ್ತರಿಸಿ, ಬುಡವು ತೊಗಟೆಗೆ ತಾಗುವಂತೆ ಇಟ್ಟು, ಬಾಳೆನಾರಿನಿಂದಲೋ ಹಳೆಯ ನೂಲುಬಟ್ಟೆಯ ಪಟ್ಟಿಯಿಂದಲೋ ಅಲುಗಾಡದಂತೆ ಕಟ್ಟಬೇಕು. ಅಲುಗಾಡುವ ಗಿಡಕ್ಕೆ ಬೇರು ಹಿಡಿಯುವುದಿಲ್ಲ. ಬೇರುಗಳು ಮರವನ್ನು ಹಿಡಿದುಕೊಳ್ಳುವ ಹೊತ್ತಿಗೆ ಕಟ್ಟು ತಾನಾಗಿಯೇ ಶಿಥಿಲವಾಗಿ ಕಳಚಿಕೊಳ್ಳುವುದು. ತಾಮ್ರದ ತಂತಿಯನ್ನು ಮಾತ್ರ ಎಂದಿಗೂ ಬಳಸಬಾರದು. ತಾಮ್ರವು ಇವುಗಳಿಗೆ ವಿಷಪ್ರಾಯ. ಅಡಿಕೆತೋಟಕ್ಕೆ ಕೊಳೆರೋಗದ ಔಷಧವಾಗಿ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವವರು, ಆ ಹನಿಗಳು ಹತ್ತಿರದ ಮರದ ಅಪ್ಪುಗಿಡಗಳ ಮೇಲೆ ಬೀಳದಂತೆ ನೋಡಿಕೊಳ್ಳುವುದು ಒಳ್ಳೆಯದು. ಬೇರಿನ ಮೇಲೆ ಮಣ್ಣನ್ನಾಗಲಿ ಸೆಗಣಿಯನ್ನಾಗಲಿ ಮೆತ್ತಲೇಬಾರದು. ಗಾಳಿಯಾಡದ ಬೇರು ಎರಡು ವಾರಗಳಲ್ಲಿ ಕೊಳೆಯುತ್ತದೆ.

ಬಯಲುಸೀಮೆಯ, ಪಟ್ಟಣವಾಸಿಗಳಾದ ಓದುಗರು ಮರವಿಲ್ಲವೆಂದು ನಿರಾಶರಾಗಬೇಕಾಗಿಲ್ಲ. ತೆಂಗಿನ ಸಿಪ್ಪೆಯ ತುಂಡಿಗೆ ಕಟ್ಟಿ ಜಗುಲಿಯ ಮೂಡಲ ದಿಕ್ಕಿನಲ್ಲಿ ತೂಗುಹಾಕಬಹುದು. ಅಥವಾ ಮರದ ರಿಪಿನ ಬುಟ್ಟಿಯಲ್ಲಿ ನೆಲ್ಲಿಕಾಯಿ ಗಾತ್ರದ ಇದ್ದಿಲು, ಇಟ್ಟಿಗೆಯ ಚೂರುಗಳನ್ನು ಹಾಕಿ ಕೂರಿಸಬಹುದು. ಮಳೆಗಾಲದಲ್ಲಿ ನೀರು ಬೇಕಾಗಿಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಒಮ್ಮೆ, ಬೇಸಗೆಯಲ್ಲಿ ಬೆಳಗ್ಗೆಯೂ ಸಂಜೆಯೂ ಬೇರುಗಳು ಹಸುರಾಗುವವರೆಗೆ ಸಿಂಪಡಿಸಬೇಕು. ಬೇರು ಬಿಳುಪಾಗಿದ್ದರೆ ಬಾಯಾರಿದೆಯೆಂದೂ ಹಸುರಾಗಿದ್ದರೆ ತೃಪ್ತಿಯಾಗಿದೆಯೆಂದೂ ತಿಳಿಯತಕ್ಕದ್ದು. ಕೊಳವೆಬಾವಿಯ ಗಡುಸುನೀರು ಬೇರಿನ ಮೇಲೆ ಸುಣ್ಣದಂತಹ ಬಿಳಿಯ ಹೊಪ್ಪಳಿಕೆಯನ್ನು ಕಟ್ಟಿಸುವುದರಿಂದ, ಹಿಡಿದಿಟ್ಟ ಮಳೆನೀರು ಅತ್ಯುತ್ತಮ. ಹೊಸ ಬೇರುಗಳು ಬೆಳೆಯುತ್ತಿರುವ ತಿಂಗಳುಗಳಲ್ಲಿ, ಸೋಸಿದ ಸಗಣಿಯ ತಿಳಿಯನ್ನು ನೀರು ಬೆರೆಸಿ ಹಾಲಿಲ್ಲದ ತಿಳಿಚಹದ ಬಣ್ಣಕ್ಕೆ ತಂದು ಹದಿನೈದು ದಿನಗಳಿಗೊಮ್ಮೆ ಚಿಮುಕಿಸಿದರೆ ಸಾಕು. ಹೆಚ್ಚು ಉಣಿಸಿದರೆ ಹೆಚ್ಚು ಬೆಳೆಯುವುದೆಂಬ ನ್ಯಾಯವು ಇಲ್ಲಿ ಸಲ್ಲದು. ಮಳೆಗಾಲದ ರಾತ್ರಿಗಳಲ್ಲಿ ಬಸವನಹುಳುಗಳು ಎಳೆಯ ಬೇರನ್ನೂ ಮೊಗ್ಗನ್ನೂ ಮೇಯುತ್ತವೆ. ಲಾಂದ್ರ ಹಿಡಿದು ಆರಿಸಿ ತೆಗೆಯುವುದೇ ಅದಕ್ಕೆ ಮದ್ದು.

ಸೀತೆದಂಡೆಯೊಡನೆ ನಮ್ಮ ಘಟ್ಟಗಳ ಡೆಂಡ್ರೋಬಿಯಂ ಜಾತಿಗಳನ್ನೂ ಕೆಲವರು ಸಾಕುತ್ತಾರೆ. ಇವುಗಳ ವಿಷಯದಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಡೆಂಡ್ರೋಬಿಯಂ ಬಾರ್ಬಟ್ಯುಲಂ ಎಂಬುದು ಮಳೆ ನಿಂತ ಮೇಲೆ ಎಲೆಗಳನ್ನೆಲ್ಲ ಉದುರಿಸಿ, ಬೆರಳಿನಂತಹ ಬೋಳುಕಡ್ಡಿಗಳಾಗಿ ನಿಲ್ಲುತ್ತದೆ. ಸತ್ತಿತೆಂದು ಭಾವಿಸಿ ಎಸೆದುಬಿಡುವ ಮನೆಗಳೆಷ್ಟೋ! ಅದು ಸತ್ತಿರುವುದಿಲ್ಲ, ವಿಶ್ರಾಂತಿಯಲ್ಲಿರುತ್ತದೆ. ನೀರನ್ನು ಕಡಮೆಮಾಡಿ ಹಾಗೆಯೇ ಬಿಟ್ಟರೆ, ಚಳಿಗಾಲ ಬೇಸಗೆಗಳ ಸಂಧಿಯಲ್ಲಿ ಅದೇ ಒಣಕಡ್ಡಿಗಳ ಮೇಲೆ ಬಿಳಿಯ ಹೂಗೊಂಚಲುಗಳು ಮೂಡುತ್ತವೆ. ಪಾಠ ತಲೆಗೆ ಹತ್ತುವುದಿಲ್ಲವೆಂದು ಶಾಲೆ ಬಿಡಿಸಬೇಕೆಂದಿದ್ದ ಹುಡುಗರು ಮುಂದೆ ಬುದ್ಧಿವಂತರಾದುದನ್ನು ಕಂಡಿರುವ ನಮ್ಮಂತಹವರಿಗೆ ಇದು ಆಶ್ಚರ್ಯವಲ್ಲ.

ಕಡೆಯದಾಗಿ, ಹೂ ಮುಡಿಯುವ ವಿಚಾರ. ಮುಡಿಯಬಾರದೆಂದು ನಾನು ಹೇಳಲಾರೆ. ದಂಡೆಯೆಂಬ ಹೆಸರೇ ಮುಡಿಗಾಗಿ ಹುಟ್ಟಿದೆ. ದಂಡೆಯನ್ನು ಮಾತ್ರ ಚೂರಿಯಿಂದ ಕೊಯ್ದುಕೊಂಡರೆ ಗಿಡಕ್ಕೆ ಹಾನಿಯಿಲ್ಲ; ಎಳೆದು ಕಿತ್ತರೆ ಬೇರೇ ಕಳಚಿ ಬರುವುದು. ಗಿಡದಲ್ಲಿ ಮೂರು ದಂಡೆಗಳಿದ್ದರೆ ಎರಡನ್ನು ಕೊಯ್ದು ಒಂದನ್ನು ಜೇನುನೊಣಗಳಿಗೆಂದು ಬಿಡಿರಿ. ಅದು ಕಾಯಾಗಿ ಒಡೆದು ಗಾಳಿಯಲ್ಲಿ ಚೆಲ್ಲಿದ ಧೂಳಿನಿಂದ, ಅದೃಷ್ಟವಿದ್ದರೆ, ಕೆಲವು ವರ್ಷಗಳಾದ ಮೇಲೆ ಪಕ್ಕದ ಕೊಂಬೆಯಲ್ಲಿಯೋ ನೆರೆಯವರ ಹಲಸಿನಲ್ಲಿಯೋ ಹೊಸ ಗಿಡವೊಂದು ಕಣ್ಣಿಗೆ ಬಿದ್ದೀತು. ಮೊದಲ ಮಳೆಗೆ ಇನ್ನು ಹೆಚ್ಚು ದಿನಗಳಿಲ್ಲ. ಬಾಳೆನಾರನ್ನು ನೆನೆಹಾಕಿಟ್ಟುಕೊಂಡು, ಕೊಂಬೆಯನ್ನು ಈಗಲೇ ಗೊತ್ತುಮಾಡಿಕೊಳ್ಳಿರಿ.